ಕಾಡ್ಗಿಚ್ಚಿನಲ್ಲಿ ದನ ಸತ್ತರೆ ಅಮೆರಿಕದ ರ‍್ಯಾಂಚರ್‌ಗೆ (ದೊಡ್ಡ ಹುಲ್ಲುಗಾವಲಲ್ಲಿ ದನ ಸಾಕುವವರಿಗೆ) ಸರ್ಕಾರ ಎಷ್ಟು ಕೊಡುತ್ತದೆ?

ಪೂರ್ತಿ ಬೆಲೆ ಬರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಉತ್ತರ ಭಾಗವಾದ ಪ್ಯಾನ್‌ಹ್ಯಾಂಡಲ್‌ನಲ್ಲಿ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ 10 ಲಕ್ಷ ಎಕರೆಗೂ ಹೆಚ್ಚು ನೆಲ ಸುಟ್ಟಿತು; ಸಾವಿರಾರು ದನಗಳು ಸತ್ತವು. ಇಂಥ ಸಾವಿಗೆ ಇರುವುದು ಸರ್ಕಾರದ ಪರಿಹಾರ ಯೋಜನೆ, ಲೈವ್‌ಸ್ಟಾಕ್ ಇಂಡೆಮ್ನಿಟಿ ಪ್ರೋಗ್ರಾಂ (ಎಲ್‌ಐಪಿ). ಹಸು, ಹೋರಿ, ಕರು ಎಂದು ವಿಂಗಡಿಸಿ, ತೂಕವನ್ನೂ ನೋಡಿ, ಸರಾಸರಿ ಮಾರುಕಟ್ಟೆ ಬೆಲೆಯ 75% ಅನ್ನು ತಲೆಗಿಷ್ಟೆಂದು ಕೊಡುತ್ತಾರೆ. ನಿಮ್ಮ ತಳಿ ದುಬಾರಿಯದಾದರೂ ದರ ಅದೇ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಬೆಂಕಿ ಬೀಳದಿದ್ದರೂ ಹೇಗೂ ಸಾಯುತ್ತಿದ್ದವು ಎನ್ನುವ 'ಸಾಮಾನ್ಯ ಸಾವು'ಗಳನ್ನು ಮೊದಲು ಕಳೆಯುತ್ತಾರೆ, ಅದೂ ಇಡೀ ಹಿಂಡಿನ ಮೇಲೆ. ಆ ಪ್ರಮಾಣ 1.5% ಎಂದಿಟ್ಟುಕೊಳ್ಳಿ: 200 ಹಸುಗಳಲ್ಲಿ 40 ಸತ್ತರೆ 3 ಕಳೆದು 37ಕ್ಕೆ ಮಾತ್ರ ಹಣ.

ಇನ್ನೊಂದು, ಪುರಾವೆ. ಹೆಣ ಹೂಳುವ ಮೊದಲೇ ದಿನಾಂಕವಿರುವ ಫೋಟೊ ತೆಗೆಯಬೇಕು. ಸತ್ತವುಗಳ ಎಣಿಕೆಯಷ್ಟೇ ಸಾಲದು, ಬೆಂಕಿಗೆ ಮುಂಚೆ ಎಷ್ಟಿದ್ದವು ಎಂಬುದಕ್ಕೂ ದಾಖಲೆ ಬೇಕು: ಖರೀದಿ ರಸೀದಿ, ಪಶುವೈದ್ಯರ ದಾಖಲೆ, ಬ್ಯಾಂಕಿನ ಸಾಲಪತ್ರ. ಇದಿಲ್ಲದೆ ನಿಜವಾದ ನಷ್ಟವೂ ಕಾಗದದ ಮೇಲೆ ಕುಗ್ಗಿಹೋಗುತ್ತದೆ, ಅದು ನೋವಿನ ಸಂಗತಿ. ಅರ್ಜಿಯನ್ನು ಕೌಂಟಿಯಲ್ಲಿರುವ (ಅಲ್ಲಿನ ಜಿಲ್ಲೆ) ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿ ಕಚೇರಿಗೆ ಕೊಡಬೇಕು. ಕೊನೆಯ ದಿನ ದನ ಸತ್ತ ವರ್ಷದ ಮುಂದಿನ ವರ್ಷದ ಮಾರ್ಚ್ 1.

ಸುಟ್ಟ ಬೇಲಿಗೆ ಎಲ್‌ಐಪಿ ಹಣ ಕೊಡುವುದಿಲ್ಲ. ಅದಕ್ಕೆ ಎಮರ್ಜೆನ್ಸಿ ಕನ್ಸರ್ವೇಷನ್ ಪ್ರೋಗ್ರಾಂ ಬೇರೆಯೇ ಇದೆ, ಸಾಮಾನ್ಯವಾಗಿ ಖರ್ಚಿನ 75%ವರೆಗೆ. ಹೊಸ ಕಂಬ ನೆಡುವ ಮೊದಲು ಕಚೇರಿಗೆ ಕೇಳಿ.