ಲಕ್ಷುರಿ ಕಾರಿನ ಮುಂದಿನ ಗಾಜು ಒಡೆದಿದೆ. ಒರಿಜಿನಲ್ಲೇ ಹಾಕಿಸಬೇಕಾ, ಹೊರಗೆ ಸಿಗುವ ಆಫ್ಟರ್‌ಮಾರ್ಕೆಟ್ ಸಾಕಾ?

ನಿಮ್ಮ ಕಾರಿನಲ್ಲಿ ವೇಗದ ಅಂಕಿಯನ್ನು ಮುಂದಿನ ಗಾಜಿನಲ್ಲೇ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಇದೆ, ಲೇನ್ ನೋಡುವ ಕ್ಯಾಮೆರಾನೂ ಇದೆ ಅಂತ ಬರೆದಿದ್ದೀರಿ. ಆ ಎರಡೂ ಇದ್ದರೆ ನನ್ನ ಉತ್ತರ ಒರಿಜಿನಲ್, ಅಂದರೆ ಕಾರು ಕಂಪನಿಯ ಲೋಗೋ ಇರುವ ಗಾಜು. ಅದು ಸಿಗದಿದ್ದರೆ, ಅಥವಾ ಬೆಲೆ ಕೈಗೆ ಎಟುಕದಿದ್ದರೆ, ನಿಮ್ಮ ಕಾರಿಗೆ ಗಾಜು ಮಾಡಿಕೊಟ್ಟ ಕಂಪನಿಯೇ ತಯಾರಿಸಿದ, ಕಾರಿನ ಲೋಗೋ ಮಾತ್ರ ಇಲ್ಲದ ಗಾಜು. ಅದೂ ಎಲ್ಲ ಸೌಲಭ್ಯ ಸರಿಹೊಂದಿದರೆ ಮಾತ್ರ. ಇವೆರಡನ್ನು ಬಿಟ್ಟು ಮೂರನೆಯದರ ಹತ್ತಿರ ಹೋಗಬೇಡಿ.

ಶೋರೂಮಿನವರು ಬೇರೆ ಗಾಜು ಹಾಕಿಸಿದರೆ ಕಾರೇ ಕೆಟ್ಟುಹೋಗುತ್ತದೆ ಅಂದರು, ಹೊರಗಿನ ಗ್ಲಾಸ್ ಅಂಗಡಿಯವರು ಎರಡೂ ಒಂದೇ, ಸುಮ್ನೆ ದುಡ್ಡು ಸುರಿಯಬೇಡಿ ಅಂದರು, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಕಾರಿನ ಗಾಜು ಬದಲಾಯಿಸುವುದೇ ನನ್ನ ಕೆಲಸ. ಎರಡೂ ಥರದ ಗಾಜುಗಳನ್ನು ಕೂರಿಸಿದ್ದೇನೆ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಅಂಗಡಿಯವರ ಮಾತು. ಕಾರು ಕಂಪನಿಗಳು ಸಾಮಾನ್ಯವಾಗಿ ಗಾಜನ್ನು ತಾವೇ ಮಾಡುವುದಿಲ್ಲ. ಸೇಂಟ್-ಗೋಬೆನ್ ಸೆಕ್ಯುರಿಟ್, ಪಿಲ್ಕಿಂಗ್ಟನ್, ಎಜಿಸಿ, ಫುಯಾವೋ ಥರದ ದೊಡ್ಡ ಗಾಜು ಕಂಪನಿಗಳಿಂದ ಮಾಡಿಸಿಕೊಳ್ಳುತ್ತವೆ. ಇದೇ ಕಂಪನಿಗಳು ಕಾರಿನ ಲೋಗೋ ಇಲ್ಲದ ಗಾಜನ್ನು ತಮ್ಮ ಹೆಸರಿನಲ್ಲೇ ಹೊರಗೂ ಮಾರುತ್ತವೆ. ಅಷ್ಟರಮಟ್ಟಿಗೆ ಅಂಗಡಿಯವರು ಹೇಳಿದ್ದು ಸರಿ. ಆದರೆ ಒಂದೇ ಮಾಡೆಲ್ ಕಾರಿಗೆ ಒಂದೇ ಕಂಪನಿ ನಾಲ್ಕೈದು ಥರದ ಗಾಜು ಮಾಡುತ್ತದೆ. ಒಂದಕ್ಕೆ ಕ್ಯಾಮೆರಾ ಜಾಗ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಒಂದರಲ್ಲಿ ಸದ್ದು ತಡೆಯುವ ಪದರ, ಇನ್ನೊಂದರಲ್ಲಿ ಮಾಮೂಲಿ ಪದರ. ಅಳತೆ ಎಲ್ಲದರದ್ದೂ ಒಂದೇ, ಕಾರಿನಲ್ಲಿ ಎಲ್ಲವೂ ಸಲೀಸಾಗಿ ಕೂರುತ್ತವೆ. ಅಲ್ಲೇ ಜನ ಮೋಸ ಹೋಗುವುದು. ಕಂಪನಿ ಹೆಸರು ಅದೇ, ಅಳತೆಯೂ ಅದೇ, ಆದರೆ ನಿಮ್ಮ ಕಾರಿನ ಗಾಜು ಅದಲ್ಲ.

ವಿಂಡ್‌ಶೀಲ್ಡ್ ಅಂದರೆ ಎರಡು ಗಾಜಿನ ಹಾಳೆಗಳು. ಮಧ್ಯೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಗಾಜು ಒಡೆದರೂ ಚೂರುಗಳು ಮೈಮೇಲೆ ಬೀಳದೆ ಅಂಟಿಕೊಂಡೇ ಇರುವುದು ಈ ಪದರದಿಂದ. ಈ ಮೂಲ ರಚನೆ ಎಲ್ಲ ಕಾರಿಗೂ ಒಂದೇ. ಆದರೆ ದುಬಾರಿ ಕಾರಿನ ವ್ಯತ್ಯಾಸವೆಲ್ಲ ಹೆಚ್ಚಾಗಿ ಈ ಪದರದಲ್ಲೇ ಅಡಗಿರುತ್ತದೆ.

ಹೆಡ್-ಅಪ್ ಡಿಸ್‌ಪ್ಲೇಯನ್ನೇ ತೆಗೆದುಕೊಳ್ಳಿ. ಡ್ಯಾಶ್‌ಬೋರ್ಡ್ ಒಳಗಿನಿಂದ ಬರುವ ಬೆಳಕು ಗಾಜಿಗೆ ಬಡಿದು ನಿಮ್ಮ ಕಣ್ಣಿಗೆ ಬರುತ್ತದೆ. ಆದರೆ ಗಾಜಿಗೆ ಎರಡು ಮೈ ಇದೆ, ಒಳಗಿನದು ಮತ್ತು ಹೊರಗಿನದು. ಬೆಳಕು ಎರಡರಿಂದಲೂ ವಾಪಸ್ ಬರುತ್ತದೆ. ಹಾಗೆಯೇ ಬಿಟ್ಟರೆ ಒಂದು ಅಂಕಿಯ ಬದಲು ಎರಡು ಕಾಣುತ್ತವೆ, ಒಂದು ಗಟ್ಟಿಯಾಗಿ, ಅದರ ಪಕ್ಕದಲ್ಲೇ ಸ್ವಲ್ಪ ಮೇಲೆಯೋ ಕೆಳಗೋ ಇನ್ನೊಂದು ಮಸುಕಾಗಿ. ಇದನ್ನು ತಪ್ಪಿಸಲು ಹೆಚ್ಚಿನ ಕಾರುಗಳಲ್ಲಿ ಒಳಗಿನ ಪಿವಿಬಿ ಪದರವನ್ನು ಮೇಲ್ಗಡೆ ತುಸು ದಪ್ಪ, ಕೆಳಗಡೆ ತುಸು ತೆಳು ಮಾಡಿರುತ್ತಾರೆ. ಈ ಓರೆ ಎಷ್ಟು ಸಣ್ಣದೆಂದರೆ ಗಾಜನ್ನು ಕೈಯಲ್ಲಿ ಹಿಡಿದು ನೋಡಿದರೂ ಗೊತ್ತಾಗುವುದಿಲ್ಲ. ಆದರೆ ಅದರಿಂದಲೇ ಎರಡು ಬಿಂಬಗಳೂ ಒಂದರ ಮೇಲೊಂದು ಕೂತು ಒಂದಾಗುತ್ತವೆ.

ಹೊರಗೆ ಎಲ್ಲೋ ಗಾಜು ಹಾಕಿಸಿಕೊಂಡು, ಕಣ್ಣು ನೋಯುತ್ತದೆ ಅಂತ ನನ್ನ ಹತ್ತಿರ ಬಂದವರ ಕಾರೊಂದು ನೆನಪಿದೆ. ಹಗಲಲ್ಲಿ ನೋಡಿದರೆ ಏನೂ ತಪ್ಪಿಲ್ಲ. ಫಿಟ್ಟಿಂಗ್ ಚೆನ್ನಾಗಿತ್ತು, ನೀರು ಒಳಗೆ ಬರುತ್ತಿರಲಿಲ್ಲ, ಅಂಚಿನ ಮೋಲ್ಡಿಂಗ್ ಕೂಡ ನೀಟಾಗಿತ್ತು. ಕತ್ತಲಾದ ಮೇಲೆ ಡಿಸ್‌ಪ್ಲೇ ಹಾಕಿ ನೋಡಿದರೆ 60 ಅನ್ನುವ ಅಂಕಿಯ ಸೊನ್ನೆಯೊಳಗೆ ಇನ್ನೊಂದು ಸೊನ್ನೆಯ ನೆರಳು. ಕಣ್ಣು ಅದನ್ನು ಒಂದು ಮಾಡಲು ಹೆಣಗುತ್ತಲೇ ಇರುತ್ತದೆ, ರಾತ್ರಿ ಗಂಟೆಗಟ್ಟಲೆ ಓಡಿಸಿದರೆ ತಲೆನೋವು ಬಾರದೆ ಇರುತ್ತದಾ? ಹಾಕಿದ್ದು ಓರೆ ಪದರ ಇಲ್ಲದ ಮಾಮೂಲಿ ಗಾಜು. ಡಿಸ್‌ಪ್ಲೇ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ. ಗಾಜನ್ನೇ ಮತ್ತೆ ಬದಲಾಯಿಸಬೇಕಾಯಿತು. ಎರಡು ಸಲ ಗಾಜು, ಎರಡು ಸಲ ಕೂಲಿ. ಉಳಿಸಲು ಹೋದ ದುಡ್ಡಿಗಿಂತ ಜಾಸ್ತಿಯೇ ಹೋಯಿತು.

ಇನ್ನು ಕ್ಯಾಮೆರಾ. ಕನ್ನಡಿಯ ಹಿಂದೆ ಗಾಜಿಗೆ ಅಂಟಿಸಿದ ಒಂದು ಬ್ರಾಕೆಟ್‌ನಲ್ಲಿ ಅದು ಕೂತಿರುತ್ತದೆ. ಆ ಕ್ಯಾಮೆರಾಗೆ ನಿಮ್ಮ ಗಾಜೇ ಕನ್ನಡಕ. ಬ್ರಾಕೆಟ್ ಒಂದಿಷ್ಟೇ ಓರೆಯಾದರೂ, ಅಥವಾ ಕ್ಯಾಮೆರಾದ ಎದುರಿನ ಗಾಜು ಸ್ವಲ್ಪವೇ ಅಲೆಅಲೆಯಾಗಿದ್ದರೂ ಅದು ನೋಡುವ ರಸ್ತೆಯೇ ಬೇರೆ. ಲೆಕ್ಕ ಹಾಕಿ ನೋಡಿ: ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದರೆ 100 ಮೀಟರ್ ದೂರದಲ್ಲಿ ಹತ್ತಿರ ಹತ್ತಿರ 1.75 ಮೀಟರ್ ತಪ್ಪು. ಅಂದರೆ ಅರ್ಧ ಲೇನ್. ತಾನಾಗಿ ಬ್ರೇಕ್ ಹಾಕುವ, ಸ್ಟೀರಿಂಗ್ ಎಳೆಯುವ ಕಾರಿಗೆ ಇದು ಸಣ್ಣ ವಿಷಯ ಅಲ್ಲ. ಇದೇ ಕಾರಣಕ್ಕೆ ಕೆಲವು ಕಾರು ಕಂಪನಿಗಳು ಕ್ಯಾಮೆರಾ ಇರುವ ಕಾರಿಗೆ ತಮ್ಮ ಗಾಜನ್ನೇ ಹಾಕಬೇಕು ಅಂತ ರಿಪೇರಿ ಸೂಚನೆಯಲ್ಲೇ ಬರೆದಿರುತ್ತವೆ. ನಿಮ್ಮ ಕಾರಿಗೆ ಅಂಥ ಸೂಚನೆ ಇದೆಯಾ ಅಂತ ಸರ್ವಿಸ್ ಸೆಂಟರಿನವರನ್ನು ಕೇಳಿ, ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತೋರಿಸಲು ಹೇಳಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒರಿಜಿನಲ್ ಗಾಜು ಹಾಕಿಸಿದರೂ ಕ್ಯಾಲಿಬ್ರೇಷನ್ ಮಾಡಿಸಲೇಬೇಕು. ಕ್ಯಾಮೆರಾ ಬಿಚ್ಚಿ ಹೊಸ ಗಾಜಿನ ಮೇಲೆ ಕೂರಿಸಿದ ಮೇಲೆ, ಅದು ಎತ್ತ ನೋಡುತ್ತಿದೆ ಅಂತ ಕಾರಿಗೆ ಹೊಸದಾಗಿ ಕಲಿಸಬೇಕು. ಕೆಲವು ಕಾರುಗಳಲ್ಲಿ ಮುಂದೆ ಅಳತೆ ಹಿಡಿದು ಟಾರ್ಗೆಟ್ ಬೋರ್ಡ್ ಇಟ್ಟು ಮಾಡುತ್ತಾರೆ, ಕೆಲವನ್ನು ಯಂತ್ರ ಜೋಡಿಸಿ ರಸ್ತೆಯಲ್ಲಿ ಓಡಿಸಿಯೇ ಮಾಡಬೇಕು, ಕೆಲವಕ್ಕೆ ಎರಡೂ ಬೇಕು. "ಡ್ಯಾಶ್‌ಬೋರ್ಡ್‌ನಲ್ಲಿ ವಾರ್ನಿಂಗ್ ಲೈಟ್ ಬರ್ತಿಲ್ಲ, ಹಾಗಾಗಿ ಬೇಡ" ಅಂತ ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಕ್ಯಾಮೆರಾ ತಪ್ಪು ದಿಕ್ಕು ನೋಡುತ್ತಿದ್ದರೂ ಲೈಟ್ ಹತ್ತದೇ ಇರಬಹುದು.

ಸದ್ದಿನ ವಿಷಯ ಸಣ್ಣದು ಅನ್ನಿಸಬಹುದು, ಆದರೆ ಹೈವೇಯಲ್ಲಿ ನಿಮಗೆ ಮೊದಲು ಗೊತ್ತಾಗುವುದೇ ಇದು. ಅಕೌಸ್ಟಿಕ್ ಗಾಜಿನಲ್ಲಿ ಪಿವಿಬಿಯ ನಡುವೆ ಇನ್ನೂ ಮೆತ್ತನೆಯ ಒಂದು ಪದರ ಇರುತ್ತದೆ, ಗಾಳಿಯ ಸದ್ದನ್ನು ಅದು ನುಂಗಿಕೊಳ್ಳುತ್ತದೆ. ಅದಿಲ್ಲದ ಗಾಜು ಹಾಕಿಸಿದರೆ ಕಾರು ಯಾಕೋ ಬೇರೆ ಥರ ಅನ್ನಿಸುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ಕೆಲವು ಕಾರುಗಳ ಗಾಜಿಗೆ ಬಿಸಿಲಿನ ಶಾಖ ತಡೆಯುವ ತೆಳು ಲೋಹದ ಲೇಪವೂ ಇರುತ್ತದೆ. ಲೋಹ ರೇಡಿಯೊ ಸಿಗ್ನಲ್ಲನ್ನು ತಡೆಯುವುದರಿಂದ ಟೋಲ್ ಟ್ಯಾಗ್ ಅಂಟಿಸಲು ಲೇಪ ಇಲ್ಲದ ಒಂದು ಸಣ್ಣ ಜಾಗ ಬಿಟ್ಟಿರುತ್ತಾರೆ. ಹೊಸ ಗಾಜಿನಲ್ಲೂ ಆ ಜಾಗ ಅಲ್ಲೇ ಇದೆಯಾ ನೋಡಿಕೊಳ್ಳಿ.

ಮಳೆ ಸೆನ್ಸರ್‌ಗೆ ಮಾತ್ರ ಹೆದರಬೇಕಾಗಿಲ್ಲ. ಅದು ಗಾಜಿನೊಳಗೆ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಹೊರಗೆ ಹನಿ ಬಿದ್ದಲ್ಲಿ ಬೆಳಕು ಸೋರಿಹೋಗುತ್ತದೆ, ವಾಪಸ್ ಬಂದ ಬೆಳಕು ಕಡಿಮೆಯಾಯಿತೆಂದರೆ ವೈಪರ್ ಓಡುತ್ತದೆ. ಸೆನ್ಸರ್ ಮತ್ತು ಗಾಜಿನ ನಡುವಿನ ಜೆಲ್ ಪ್ಯಾಡ್‌ನಲ್ಲಿ ಗಾಳಿಗುಳ್ಳೆ ಇದ್ದರೆ ಮಳೆಯಿಲ್ಲದೆ ವೈಪರ್ ಕುಣಿಯುತ್ತದೆ. ಹೊಸ ಪ್ಯಾಡ್ ಹಾಕಿಸಿ, ಸಾಕು.

ಹಾಗಾದರೆ ಗಾಜು ಸರಿಯಾದದ್ದಾ ಅಂತ ತಿಳಿಯುವುದು ಹೇಗೆ? ಮಾಡೆಲ್ ಹೆಸರು, ವರ್ಷ ಹೇಳಿ ಆರ್ಡರ್ ಮಾಡಬೇಡಿ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹಳೇ ಗಾಜಿನ ಕೆಳಮೂಲೆಯಲ್ಲಿರುವ ಸಣ್ಣ ಅಕ್ಷರಗಳ ಗುರುತನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಮಾಡಿದ ಕಂಪನಿಯ ಹೆಸರು ಅಲ್ಲಿರುತ್ತದೆ, ಸದ್ದು ತಡೆಯುವ ಗಾಜಾದರೆ ಎಷ್ಟೋ ಸಲ ಕಿವಿಯ ಚಿತ್ರ ಅಥವಾ ಅಕೌಸ್ಟಿಕ್ ಅನ್ನುವ ಪದವೂ ಇರುತ್ತದೆ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ 43ಆರ್ ಅಂತ ಇದ್ದರೆ ವಿಶ್ವಸಂಸ್ಥೆಯ ವಾಹನ ನಿಯಮ 43ರ ಪ್ರಕಾರ ಪಾಸಾದ ಗಾಜು. ಇ ಪಕ್ಕದ ಅಂಕಿ ಯಾವ ದೇಶ ಒಪ್ಪಿಗೆ ಕೊಟ್ಟಿತು ಅನ್ನುವುದನ್ನು ಹೇಳುತ್ತದೆ, 1 ಅಂದರೆ ಜರ್ಮನಿ, 4 ಅಂದರೆ ನೆದರ್‌ಲ್ಯಾಂಡ್ಸ್. ಅಂಗಡಿಯವರು ಈ ಗುರುತು ತೋರಿಸಿ "ನೋಡಿ, ಸರ್ಟಿಫೈಡ್ ಗ್ಲಾಸ್" ಅನ್ನುತ್ತಾರೆ. ಸುಳ್ಳಲ್ಲ. ಆದರೆ ಆ ಗುರುತು ಹೇಳುವುದು ಗಾಜು ಸುರಕ್ಷತೆಯ ಪರೀಕ್ಷೆ ಪಾಸಾಗಿದೆ ಅಂತ. ನಿಮ್ಮ ಡಿಸ್‌ಪ್ಲೇಗೆ ಬೇಕಾದ ಓರೆ ಪದರ ಒಳಗಿದೆ ಅಂತ ಅಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು, ಬಿಲ್ಲಿನಲ್ಲಿ ಬರೆಸಬೇಕು.

ಈಗ ಶೋರೂಮಿನವರು ಹೇಳದ ವಿಷಯ. ಒಳ್ಳೆಯ ಗಾಜನ್ನು ಕೆಟ್ಟದಾಗಿ ಕೂರಿಸಿದರೆ, ಸಾಧಾರಣ ಗಾಜನ್ನು ಚೆನ್ನಾಗಿ ಕೂರಿಸಿದ್ದಕ್ಕಿಂತ ಅಪಾಯ. ಇದನ್ನು ನಾನು ತುಂಬಾ ನಂಬುತ್ತೇನೆ. ಕಾರು ಮಗುಚಿದರೆ ಚಾವಣಿ ಕುಸಿಯದಂತೆ ಹಿಡಿಯುವುದರಲ್ಲಿ ಮುಂದಿನ ಗಾಜಿನ ಪಾಲೂ ಇದೆ. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಮೇಲಕ್ಕೆ ಬಿಚ್ಚಿಕೊಂಡು, ಗಾಜಿಗೆ ಒರಗಿಯೇ ಕೂತವರ ಕಡೆ ಬರುತ್ತದೆ. ಗಾಜು ಕಿತ್ತುಬಂದರೆ ಏರ್‌ಬ್ಯಾಗ್‌ಗೆ ಆಧಾರವೇ ಇಲ್ಲ. ಇಷ್ಟೆಲ್ಲ ನಿಂತಿರುವುದು ಸುತ್ತ ಹಾಕುವ ಯುರೆಥೇನ್ ಅಂಟಿನ ಒಂದು ಸಾಲಿನ ಮೇಲೆ.

ಒಳ್ಳೆಯ ಫಿಟ್ಟರ್ ಹಳೇ ಅಂಟನ್ನು ಪೂರ್ತಿ ಕೆರೆದು ತೆಗೆಯುವುದಿಲ್ಲ. ಒಂದೆರಡು ಮಿಲಿಮೀಟರ್ ಉಳಿಸಿ ಸಮ ಮಾಡುತ್ತಾನೆ, ಹೊಸ ಅಂಟು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಬ್ಲೇಡ್ ತಾಗಿ ಎಲ್ಲಾದರೂ ಪೇಂಟ್ ಕಿತ್ತರೆ ಅಲ್ಲೇ ಪ್ರೈಮರ್ ಹಚ್ಚುತ್ತಾನೆ, ಇಲ್ಲದಿದ್ದರೆ ಅಲ್ಲಿಂದ ತುಕ್ಕು ಶುರುವಾಗಿ ವರ್ಷಗಳ ನಂತರ ನೀರು ಸೋರುತ್ತದೆ. ಅಂಟು ಬೀಳುವ ಅಂಚನ್ನು ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟುವುದಿಲ್ಲ. ಅಂಟು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ, ಹಾಗಾಗಿ ಚಳಿ ಅಥವಾ ಒಣಹವೆ ಇದ್ದರೆ ಹೊತ್ತು ಜಾಸ್ತಿ ಬೇಕು. ಎಷ್ಟು ಹೊತ್ತಿನ ನಂತರ ಕಾರು ಓಡಿಸಬಹುದು ಅನ್ನುವುದನ್ನು ಆ ಅಂಟಿನ ಕಂಪನಿಯೇ ಹೇಳಿರುತ್ತದೆ. ನೀವು ಫೋನಿನಲ್ಲಿ ಇದೊಂದು ಪ್ರಶ್ನೆ ಕೇಳಿ: "ಯಾವ ಅಂಟು ಹಾಕ್ತೀರಿ, ಎಷ್ಟು ಹೊತ್ತು ಬಿಡಬೇಕು?" ತಡವರಿಸದೆ ಉತ್ತರ ಬಂದರೆ ಆ ಫಿಟ್ಟರ್ ಕೈಗೆ ಕಾರು ಕೊಡಬಹುದು.

ಇನ್ಶೂರೆನ್ಸ್‌ನವರು ಆಫ್ಟರ್‌ಮಾರ್ಕೆಟ್ ಗಾಜಿಗೆ ಮಾತ್ರ ಒಪ್ಪಿದ್ದಾರೆ ಅಂದಿರಿ. ಅಲ್ಲಿಗೇ ಬಿಡಬೇಡಿ. ಡಿಸ್‌ಪ್ಲೇ ಇದೆ, ಕ್ಯಾಮೆರಾ ಇದೆ ಅಂತ ಪಾರ್ಟ್ ನಂಬರ್ ಜೊತೆ ಬರೆದು ಕಳಿಸಿ, ಕಾರು ಕಂಪನಿಯ ಸೂಚನೆ ಸಿಕ್ಕಿದ್ದರೆ ಅದನ್ನೂ ಲಗತ್ತಿಸಿ, ಕ್ಯಾಲಿಬ್ರೇಷನ್ ಖರ್ಚು ಸೇರಿದೆಯಾ ಅಂತ ಕೇಳಿ. ಕಾರು ಲೀಸ್‌ನಲ್ಲಿದ್ದರೆ ಒಪ್ಪಂದವನ್ನೂ ಒಮ್ಮೆ ಓದಿ, ವಾಪಸ್ ಕೊಡುವಾಗ ಒರಿಜಿನಲ್ ಗಾಜೇ ಇರಬೇಕು ಅಂತ ಇರಬಹುದು.

ಬಿರುಕು ಅಂಚಿನಿಂದ ಮಧ್ಯದವರೆಗೂ ಬಂದಿದೆ ಅಂದಿದ್ದೀರಿ, ಹಾಗಾಗಿ ಬದಲಾಯಿಸದೆ ದಾರಿ ಇಲ್ಲ. ಕಲ್ಲು ತಾಗಿ ಚಿಕ್ಕ ಚಿಪ್ ಮಾತ್ರ ಆಗಿ, ಅದು ನಿಮ್ಮ ನೋಟಕ್ಕೂ ಕ್ಯಾಮೆರಾಗೂ ಅಡ್ಡ ಇಲ್ಲದಿದ್ದರೆ, ರೆಸಿನ್ ಅನ್ನುವ ಅಂಟುದ್ರವ ತುಂಬಿಸಿ ಸಾಕು ಅಂತ ಹೇಳುತ್ತಿದ್ದೆ. ಫ್ಯಾಕ್ಟರಿಯಲ್ಲಿ ಹಾಕಿದ ಅಂಟು ಹಾಗೇ ಉಳಿಯುವುದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ದುಡ್ಡು ಎಲ್ಲೋ ಉಳಿಸಲೇಬೇಕು ಅಂದರೆ ಲೋಗೋದಲ್ಲಿ ಉಳಿಸಿ. ಓರೆ ಪದರ, ಕ್ಯಾಮೆರಾ ಬ್ರಾಕೆಟ್, ಅಂಟು, ಕ್ಯಾಲಿಬ್ರೇಷನ್, ಇವುಗಳಲ್ಲಿ ಒಂದನ್ನೂ ಬಿಡಬೇಡಿ.

ಕಾರು ತೆಗೆದುಕೊಳ್ಳುವಾಗ ಡ್ರೈವರ್ ಸೀಟಿನಲ್ಲಿ ಕೂತು, ದೂರದ ಒಂದು ಕಂಬವನ್ನು ನೋಡುತ್ತಾ ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ಆಡಿಸಿ. ಕಂಬ ನೇರವಾಗಿರಬೇಕು, ಬಳುಕಬಾರದು. ಗಾಜಿನ ಅಂಚಿನ ಹತ್ತಿರ ತುಸು ಬಳುಕಿದರೆ ಪರವಾಗಿಲ್ಲ, ನಿಮ್ಮ ನೇರ ನೋಟದಲ್ಲಿ ಆಗಬಾರದು. ಸಾಧ್ಯವಾದರೆ ಸಂಜೆ ಕತ್ತಲಾದ ಮೇಲೆ ಹೋಗಿ, ಡಿಸ್‌ಪ್ಲೇ ಹಾಕಿ ಅಂಕಿ ಒಂದೇ ಕಾಣುತ್ತದಾ ನೋಡಿ. ಕ್ಯಾಲಿಬ್ರೇಷನ್ ರಿಪೋರ್ಟ್ ಕೈಗೆ ಬಂದ ಮೇಲೆಯೇ ಸಹಿ ಹಾಕಿ. ಅಂಚಿಗೆ ಟೇಪ್ ಹಚ್ಚಿದ್ದರೆ ಅವರು ಹೇಳುವವರೆಗೂ ಕೀಳಬೇಡಿ, ಒಂದೆರಡು ದಿನ ಪ್ರೆಷರ್ ವಾಶ್ ಮಾಡಿಸಬೇಡಿ, ಬಾಗಿಲು ಹಾಕುವಾಗ ಒಂದು ಕಿಟಕಿ ಸ್ವಲ್ಪ ಇಳಿಸಿರಿ. ಎಲ್ಲ ಮುಚ್ಚಿದ ಕಾರಿನ ಬಾಗಿಲನ್ನು ಜೋರಾಗಿ ಬಡಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಗೆ ತಳ್ಳುತ್ತದೆ.