ಮೊಂತೊ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ಫ್ರಾನ್ಸಿನ ಆರ್ಕೆಸ್ಟ್ರಾ ಕಂಡಕ್ಟರ್ ಪಿಯೇರ್ ಮೊಂತೊ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈ ಬಿಡಬೇಡಿ. ಒಳ್ಳೆಯ ಆಸಾಮಿಯನ್ನೇ ಆರಿಸಿದ್ದೀರಿ, ಆದರೆ ಕಥೆ ಇರುವ ಜಾಗ ಬಿಟ್ಟು ಬೇರೆಲ್ಲೋ ಅಗೆದಿದ್ದೀರಿ.

ನಿಮ್ಮ ಮೊದಲ ಸಾಲು ಹೀಗಿದೆ: ‘ಪಾಶ್ಚಾತ್ಯ ಸಂಗೀತ ಲೋಕದ ಧ್ರುವತಾರೆ ಮಾಂಟ್ಯೂಕ್ಸ್ ಅವರು 1875ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು.’ ಧ್ರುವತಾರೆ ತೆಗೆಯಿರಿ. ಕಳೆದ ವಾರ ಬಂದ ಇನ್ನೊಂದು ಲೇಖನದಲ್ಲೂ ಒಂದಿತ್ತು, ಆಕಾಶದಲ್ಲಿರುವುದು ಒಂದೇ. ಹೆಸರಿನ ಕೊನೆಯ ‘ಕ್ಸ್’ ಕೂಡ ಬೇಡ, ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ.

ಆಮೇಲೆ ಮೂರು ಪುಟ ನೌಕರಿಯ ಪಟ್ಟಿ. ಬಾಸ್ಟನ್ 1919ರಿಂದ 1924, ನಂತರ ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, 1936ರಿಂದ 1952 ಸ್ಯಾನ್ ಫ್ರಾನ್ಸಿಸ್ಕೊ. ಇದು ಬಯೋಡೇಟಾ. ಮೊಂತೊಗೆ ಈಗ ಕೆಲಸ ಬೇಕಿಲ್ಲ, ಅಲ್ವಾ? ಬಾಸ್ಟನ್ ಮಾತ್ರ ಇಟ್ಟುಕೊಳ್ಳಿ. 1920ರಲ್ಲಿ ಯೂನಿಯನ್ ಜಗಳಕ್ಕೆ ಅಲ್ಲಿನ ಮೂವತ್ತಕ್ಕೂ ಹೆಚ್ಚು ವಾದಕರು ಎದ್ದು ಹೋದರು, ಈತ ಆರ್ಕೆಸ್ಟ್ರಾವನ್ನು ಮತ್ತೆ ಕಟ್ಟಿದ. ಅದನ್ನೇ ನೀವು ಬಿಟ್ಟಿದ್ದೀರಿ!

ಕಂಡಕ್ಟರ್ ಏನು ಮಾಡುತ್ತಾನೆ ಅನ್ನುವುದೂ ಲೇಖನದಲ್ಲಿ ಎಲ್ಲೂ ಇಲ್ಲ. ನಮ್ಮ ಓದುಗರಲ್ಲಿ ಜಾಸ್ತಿ ಜನರಿಗೆ ಕಂಡಕ್ಟರ್ ಅಂದರೆ ಬಸ್ಸಿನವನೇ. ನಮ್ಮ ಕಚೇರಿಯಲ್ಲಿ ಹಾಡುವವರೇ ತೊಡೆ ತಟ್ಟಿ ತಾಳ ಹಾಕುತ್ತಾರೆ, ಪಿಟೀಲು ಮೃದಂಗ ಮಗ್ಗುಲಲ್ಲೇ ಇರುತ್ತವೆ, ಕಣ್ಸನ್ನೆ ಸಾಕು. ಸುಮಾರು ನೂರು ಜನ ನುಡಿಸುವಲ್ಲಿ ಅದು ನಡೆಯುವುದಿಲ್ಲ. ಸಭೆಗೆ ಬೆನ್ನು ಹಾಕಿ, ತಾನು ಒಂದು ಸ್ವರವನ್ನೂ ನುಡಿಸದೆ, ಕೋಲು ಹಿಡಿದು ನಿಲ್ಲುವವನೊಬ್ಬ ಬೇಕು. ಲಯ ಅವನದು. ಯಾರ ದನಿ ಏಳಬೇಕು, ಯಾರದು ತಗ್ಗಬೇಕು ಅನ್ನುವುದೂ ಅವನದೇ. ಇಷ್ಟನ್ನು ಶುರುವಿನಲ್ಲೇ ಹೇಳಿಬಿಡಿ.

ಇನ್ನು 1913ರ ಮೇ 29ರ ರಾತ್ರಿ. ‘ಪ್ರೇಕ್ಷಕರಿಂದ ವಿರೋಧ ವ್ಯಕ್ತವಾಯಿತು’ ಅಂತ ಬರೆದು ಮುಂದೆ ಹೋಗಿದ್ದೀರಿ. ಅಯ್ಯೋ, ಇಡೀ ಲೇಖನ ಅಲ್ಲೇ ಇದೆ. ಪ್ಯಾರಿಸ್‌ನ ಶಾಂಜೆಲಿಜೆ ರಂಗಮಂದಿರ. ರಷ್ಯಾದ ಸಂಗೀತ ರಚನೆಕಾರ ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ ನೃತ್ಯರೂಪಕದ ಮೊದಲ ಪ್ರದರ್ಶನ. ತಗ್ಗು ದನಿಯ ವಾದ್ಯವಾದ ಬಸೂನ್ ತಾರಸ್ಥಾಯಿಯಲ್ಲಿ ಒಂದೇ ಸಮ ಕೊರಗುತ್ತದೆ. ಜನ ನಗುತ್ತಾರೆ. ಆಮೇಲೆ ಶಿಳ್ಳೆ, ಕೂಗು, ಬೈಗುಳ. ಕುಣಿಯುವವರಿಗೆ ವಾದ್ಯವೇ ಕೇಳುವುದಿಲ್ಲ. ನೃತ್ಯ ಹೆಣೆದ ನಿಜಿನ್‌ಸ್ಕಿ ಪರದೆಯ ಮರೆಯಲ್ಲಿ ಕುರ್ಚಿ ಹತ್ತಿ ಲೆಕ್ಕ ಕೂಗುತ್ತಾನೆ. ಮೊಂತೊ ಹಿಂತಿರುಗಿ ನೋಡುವುದಿಲ್ಲ. ಅರ್ಧ ಗಂಟೆಗೂ ಮೀರಿದ ಆ ಕೃತಿಯನ್ನು ಕೊನೆಯ ಹೊಡೆತದವರೆಗೆ ನಡೆಸುತ್ತಾನೆ. ಏನಾದರೂ ಅಲುಗದ ಆತನನ್ನು ಸ್ಟ್ರಾವಿನ್‌ಸ್ಕಿ ಆಮೇಲೆ ಮೊಸಳೆಗೆ ಹೋಲಿಸಿದ.

ತಮಾಷೆ ಏನೆಂದರೆ, ಮೊಂತೊಗೆ ಆ ಸಂಗೀತ ಹಿಡಿಸಿರಲೇ ಇಲ್ಲ. ಮೊದಲ ಸಲ ಪಿಯಾನೊದಲ್ಲಿ ಕೇಳಿದಾಗ ಬರೆದವನಿಗೆ ಹುಚ್ಚು ಅಂದುಕೊಂಡಿದ್ದ. ಆತನ ಪ್ರೀತಿಯೆಲ್ಲ ಹಿಂದಿನ ಶತಮಾನದ ಜರ್ಮನ್ ರಚನೆಕಾರ ಬ್ರಾಮ್ಸ್ ಮೇಲೆ. ಹಿಡಿಸದ ಕೃತಿಗೂ ಅಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ? ನನ್ನ ಊಹೆ ಹೇಳಲಾ? ಆತ ಮೊದಲು ವಯೋಲಾ ನುಡಿಸುತ್ತಿದ್ದವನು. ಅದು ಪಿಟೀಲಿನ ಅಣ್ಣ, ಸುಮ್ನೆ ನಡುವೆ ಕೂತಿರುವ ವಾದ್ಯ. ಸಭೆ ಅದನ್ನು ಗಮನಿಸುವುದು ಕಡಿಮೆ, ಅದನ್ನು ಹಿಡಿದು ಕೂತವನಿಗೆ ಮಾತ್ರ ಎಲ್ಲರೂ ಕೇಳಿಸುತ್ತಾರೆ. 1902ರಲ್ಲಿ ಫ್ರೆಂಚ್ ರಚನೆಕಾರ ದೆಬ್ಯುಸಿಯ ಒಪೆರಾ, ಅಂದರೆ ಹಾಡಿನ ನಾಟಕ, ಮೊದಲ ಸಲ ಆಡಿದಾಗ ಈತ ಕೂತದ್ದು ಅಲ್ಲೇ. ನಿಮಗೆ ಬೇರೆ ಕಾರಣ ಹೊಳೆದರೆ ಅದನ್ನೇ ಬರೆಯಿರಿ, ಆದರೆ ಈ ಪ್ರಶ್ನೆ ಬಿಡಬೇಡಿ.

‘ಇಂದಿನ ಯುವಜನತೆಗೆ ದಾರಿದೀಪ’ ಅನ್ನುವ ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿದ್ದೇನೆ. ಅಲ್ಲಿಗೆ ಲಂಡನ್ ತನ್ನಿ. 1961ರಲ್ಲಿ, 86ನೇ ವಯಸ್ಸಿನಲ್ಲಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ಆತ 25 ವರ್ಷದ ಕರಾರು ಮಾಡಿಕೊಂಡ. 1963ರ ಮೇ 29ರಂದು, ಆ ಗಲಾಟೆ ನಡೆದು ಸರಿಯಾಗಿ ಐವತ್ತು ವರ್ಷಕ್ಕೆ, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದೇ ಕೃತಿ ನಡೆಸಿದ. ಸ್ಟ್ರಾವಿನ್‌ಸ್ಕಿ ಸಭೆಯಲ್ಲಿದ್ದ. ಅಲ್ಲಿಗೆ ನಿಲ್ಲಿಸಿ.

ಒಂಬೈನೂರು ಪದ ಸಾಕು. ಹದಿನೈದು ದಿನದಲ್ಲಿ ಕಳಿಸಿ.