ದನ ಸತ್ತರೆ ಪರಿಹಾರ: ದಕ್ಷಿಣ ಡಕೋಟದ ಅನುಭವ

ಅಮೆರಿಕದ ಹಳ್ಳಿಗಾಡಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗಗಳಲ್ಲಿ) ಬಿರುಗಾಳಿಗೆ ದನ ಸತ್ತರೆ ಸರ್ಕಾರದ ಹಣ ಕೂಡಲೇ ಕೈಸೇರುತ್ತದೆಯೇ, ಪೂರ್ತಿ ಬೆಲೆ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಎರಡಕ್ಕೂ ಉತ್ತರ ‘ಇಲ್ಲ’ ಎಂದೇ.

2013ರ ಅಕ್ಟೋಬರ್ ಮೊದಲ ವಾರ ದಕ್ಷಿಣ ಡಕೋಟ ರಾಜ್ಯದ ಪಶ್ಚಿಮ ಭಾಗದಲ್ಲಿ ಏನಾಯಿತು ನೋಡಿ. ದನಗಳು ಇನ್ನೂ ಬೇಸಿಗೆಯ ಹುಲ್ಲುಗಾವಲಿನಲ್ಲೇ ಇದ್ದವು, ಮೈಮೇಲೆ ಚಳಿಗಾಲದ ದಟ್ಟ ರೋಮ ಬೆಳೆದಿರಲಿಲ್ಲ. ಮೊದಲು ಮಳೆ ತೋಯಿಸಿತು, ಆಮೇಲೆ ಹಿಮಗಾಳಿ ಬೀಸಿತು. ಗಾಳಿಗೆ ಬೆನ್ನು ಕೊಟ್ಟು ನಡೆದ ದನಗಳು ಬೇಲಿಗಳ ಪಕ್ಕ, ಹಳ್ಳಗಳಲ್ಲಿ ರಾಶಿಯಾಗಿ ಸತ್ತು ಬಿದ್ದವು. ಸತ್ತವು ಸಾವಿರಾರು. ಆಗಲೇ ಕೇಂದ್ರ ಸರ್ಕಾರದ ಕೆಲಸ ಸ್ಥಗಿತಗೊಂಡು ಕೌಂಟಿಯ ಕೃಷಿ ಸೇವಾ ಕಚೇರಿಗಳಿಗೆ ಬೀಗ ಬಿದ್ದಿತ್ತು. ಜಾನುವಾರು ನಷ್ಟ ಪರಿಹಾರ ಯೋಜನೆಯ ಅವಧಿ 2011ರಲ್ಲೇ ಮುಗಿದಿತ್ತು! ದೂರು ಕೊಡಲೂ ಬಾಗಿಲಿಲ್ಲದ ಆ ಸ್ಥಿತಿಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

2014ರ ಫೆಬ್ರವರಿಯಲ್ಲಿ ಹೊಸ ಕೃಷಿ ಕಾಯ್ದೆ ಬಂದು ಯೋಜನೆಯನ್ನು ಕಾಯಂ ಮಾಡಿತು, ಹಿಂದಿನ ನಷ್ಟಗಳಿಗೂ ಅನ್ವಯಿಸಿತು. ಅರ್ಜಿ ಸ್ವೀಕಾರ ಶುರುವಾದದ್ದು ಏಪ್ರಿಲ್ 15ಕ್ಕೆ. ಸಿಗುವುದು ಸರಾಸರಿ ಮಾರುಕಟ್ಟೆ ಬೆಲೆಯ ಶೇ. 75, ಅದೂ ಪ್ರತಿವರ್ಷ ಸಹಜವಾಗಿ ಸಾಯುವಷ್ಟನ್ನು ಕಳೆದು ಉಳಿದ ದನಗಳಿಗೆ ಮಾತ್ರ.

ಪುರಾವೆಯೇ ಮುಖ್ಯ. ಕಿವಿಯೋಲೆಯ ಸಂಖ್ಯೆ ಕಾಣುವ ಫೋಟೊ, ಪಶುವೈದ್ಯರ ಪತ್ರ, ಖರೀದಿ ಚೀಟಿ, ಕರು ಹಾಕಿದ ದಾಖಲೆ, ಎಲ್ಲವನ್ನೂ ಹೂಳುವ ಮೊದಲೇ ಸಿದ್ಧಪಡಿಸಲು ಅಲ್ಲಿ ದನ ಸಾಕುವ ನಿಮ್ಮ ಪರಿಚಯದವರಿಗೆ ದಯವಿಟ್ಟು ಹೇಳಿ.